ಬಡಾ ಖಾನಾ ಮುಗಿದ ಮರುದಿನ

☸️ *ಇಂದಿನ ಧಮ್ಮ ಚಿಂತನೆ*



ಉಪಾಸಕ ಉಪಾಸಿಕೆಯರೇ, ನಮ್ಮ ಎಷ್ಟೋ ಮನೆಗಳಿಂದ ಸೈನ್ಯಕ್ಕೆ ಹೋದವರಿದ್ದಾರೆ. ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಪಕ್ಕದಲ್ಲೇ ರೆಜಿಮೆಂಟಿನ ಗ್ರೂಪ್ ಫೋಟೊ. ಅಂಥ ಮನೆಯ ಹಿರಿಯರನ್ನು ಮಾತಿಗೆಳೆದರೆ ಯುದ್ಧದ ಸುದ್ದಿಗಿಂತ ಮೊದಲು ಒಂದು ರಾತ್ರಿಯ ಸುದ್ದಿ ಬರುತ್ತದೆ. ಅದು ನಿವೃತ್ತಿಯ ಮುನ್ನಾದಿನ ಮೆಸ್‌ನಲ್ಲಿ ಕೊಟ್ಟ ಬೀಳ್ಕೊಡುಗೆ ಊಟ. ಇಂದು ಆ ಊಟವನ್ನೇ ಪಾಠವಾಗಿ ಓದೋಣ.

*1. ಮೊದಲ ಆಸನ ಯಾರಿಗೆ?*

ಸೈನ್ಯದಲ್ಲಿ ಅಧಿಕಾರಿಗಳಿಗೆ ಒಂದು ಮೆಸ್, ಸುಬೇದಾರರಂಥ ಜೆಸಿಓಗಳಿಗೆ ಇನ್ನೊಂದು, ಜವಾನರಿಗೆ ಮತ್ತೊಂದು. ಆದರೆ ‘ಬಡಾ ಖಾನಾ’ ಎಂಬ ದೊಡ್ಡ ಊಟದ ದಿನ ಎಲ್ಲ ದರ್ಜೆಯವರೂ ಒಂದೇ ಕಡೆ ಉಣ್ಣುತ್ತಾರೆ. ಅಧಿಕಾರಿಗಳೇ ಜವಾನರಿಗೆ ಬಡಿಸುವುದೂ ಉಂಟು. ಹಿರಿಯ ಸುಬೇದಾರ್ ಮೇಜರ್ ಒಬ್ಬರು ನಿವೃತ್ತರಾಗುವಾಗ ಅವರಿಗೆ ಗೌರವದ ಆಸನ. ಅವರ ಸೇವೆಯ ಬಗ್ಗೆ ಮಾತು, ಒಂದು ಸ್ಮರಣಿಕೆ, ಹಾರ. ಹಲವು ಘಟಕಗಳಲ್ಲಿ ಹೊರಡುವವರನ್ನು ಅಲಂಕರಿಸಿದ ಜೀಪಿನಲ್ಲಿ ಕೂರಿಸಿ, ಜೊತೆಗಾರರು ಹಗ್ಗ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋಗುತ್ತಾರೆ.

ಪಂಕ್ತಿಭೇದದ ಊರಿನಿಂದ ಹೋದವನಿಗೆ ಇದು ಸಣ್ಣ ಸಂಗತಿಯಲ್ಲ. ಮೆಸ್‌ನಲ್ಲಿ ದರ್ಜೆ ಇದೆ, ನಿಜ. ಆದರೆ ಆ ದರ್ಜೆ ದುಡಿದು ಪಡೆದದ್ದು, ಹುಟ್ಟಿನಿಂದ ಬಂದದ್ದಲ್ಲ.

ಇದೇ ಪ್ರಶ್ನೆಯನ್ನು ಭಗವಾನ್ ಬುದ್ಧರು ಭಿಕ್ಷುಗಳ ಮುಂದೆ ಇಟ್ಟಿದ್ದರು. ಒಮ್ಮೆ ಕೆಲವು ಭಿಕ್ಷುಗಳು ಮುಂದೆ ಓಡಿ ಜಾಗ ಹಿಡಿದುಬಿಟ್ಟರು. ಹಿಂದೆ ಬಂದ ಸಾರಿಪುತ್ತರಿಗೆ ಜಾಗ ಸಿಗದೆ ಅವರು ಮರದ ಕೆಳಗೆ ರಾತ್ರಿ ಕಳೆದರು. ಮೊದಲ ಆಸನ, ಮೊದಲ ನೀರು, ಮೊದಲ ಅನ್ನ ಯಾರಿಗೆ ಸಲ್ಲಬೇಕು ಎಂದು ಬುದ್ಧರು ಕೇಳಿದರು. ಕ್ಷತ್ರಿಯ ಕುಲದಿಂದ ಬಂದವರಿಗೆ ಎಂದರು ಕೆಲವರು. ಬ್ರಾಹ್ಮಣ ಕುಲದವರಿಗೆ ಎಂದರು ಇನ್ನು ಕೆಲವರು. ಬುದ್ಧರು ಅದನ್ನು ಒಪ್ಪದೆ ಆನೆ, ಕೋತಿ ಮತ್ತು ಒಂದು ಪುಟ್ಟ ತಿತ್ತಿರಿ ಹಕ್ಕಿಯ ಕಥೆ ಹೇಳಿದರು. ಒಂದು ಆಲದ ಮರದ ಬಳಿ ವಾಸವಿದ್ದ ಈ ಮೂವರೂ ತಮ್ಮಲ್ಲಿ ಹಿರಿಯರು ಯಾರೆಂದು ಲೆಕ್ಕ ಹಾಕಿದರು. ನಾನು ಮರಿಯಾಗಿದ್ದಾಗ ಈ ಮರದ ತುದಿ ನನ್ನ ಹೊಟ್ಟೆಗೆ ತಾಗುತ್ತಿತ್ತು ಎಂದಿತು ಆನೆ. ನಾನು ನೆಲದ ಮೇಲೆ ಕೂತೇ ಇದರ ಚಿಗುರು ತಿಂದಿದ್ದೆ ಎಂದಿತು ಕೋತಿ. ಈ ಮರ ಹುಟ್ಟಿದ್ದೇ ನಾನು ತಿಂದು ಹಾಕಿದ ಬೀಜದಿಂದ ಎಂದಿತು ಹಕ್ಕಿ. ಆನೆ, ಕೋತಿ ಎರಡೂ ಹಕ್ಕಿಯನ್ನು ಹಿರಿಯನೆಂದು ಗೌರವಿಸಿದವು. ಗಾತ್ರ, ಬಲ, ಕುಲ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಸಂಘದಲ್ಲಿ ಇದು ಬರೀ ಕಥೆಯಾಗಿ ಉಳಿಯಲಿಲ್ಲ. ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ ಅವರ ಕ್ಷೌರಿಕನಾಗಿದ್ದ ಉಪಾಲಿಗೆ ಮೊದಲು ದೀಕ್ಷೆಯಾಯಿತು. ನಮ್ಮ ಕುಲದ ಸೊಕ್ಕು ಇಳಿಯಲಿ, ನಾವು ಇವನಿಗೆ ನಮಸ್ಕರಿಸುವಂತಾಗಲಿ ಎಂದು ರಾಜಕುಮಾರರೇ ಕೇಳಿಕೊಂಡಿದ್ದರು. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಉಪಾಲಿಯ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟದ್ದು ಸುಮ್ಮನೆ ಅಲ್ಲ.

*2. ಗೇಟಿನ ಆಚೆ*

ಆದರೆ ಜೀಪು ಗೇಟು ದಾಟಿದ ಮೇಲೆ ಏನು?

ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು, ಸೈನಿಕ ಶಾಲೆಯ ಮುಖ್ಯೋಪಾಧ್ಯಾಯರು. 1891ರಲ್ಲಿ ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡುಪ್ರದೇಶದಲ್ಲಿ. ದಂಡಿನೊಳಗೆ ಸುಬೇದಾರರಿಗೆ ಸಲ್ಯೂಟ್ ಇತ್ತು. ಅವರು ನಿವೃತ್ತರಾಗಿ ಹೊರಬಂದ ಮೇಲೆ, 1901ರಲ್ಲಿ, ಅವರ ಮಕ್ಕಳು ತಂದೆಯನ್ನು ನೋಡಲೆಂದು ಮಸೂರ್ ರೈಲು ನಿಲ್ದಾಣದಲ್ಲಿ ಇಳಿದರು. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಅಕ್ಕರೆಯಿಂದ ಮಾತಾಡಿಸಿದ ಸ್ಟೇಷನ್ ಮಾಸ್ತರರು ಜಾತಿ ತಿಳಿದೊಡನೆ ದೂರ ಸರಿದರು. ಗಾಡಿಯವನು ದುಪ್ಪಟ್ಟು ಬಾಡಿಗೆ ಪಡೆದೂ ಜೊತೆಯಲ್ಲಿ ಕೂರಲಿಲ್ಲ. ಮಕ್ಕಳೇ ಗಾಡಿ ಹೊಡೆದರು, ಅವನು ಪಕ್ಕದಲ್ಲಿ ನಡೆದ. ಬುತ್ತಿಯಲ್ಲಿ ಅನ್ನವಿತ್ತು, ಕುಡಿಯಲು ನೀರು ಸಿಗಲಿಲ್ಲ.

ಸುಬೇದಾರರ ಪಟ್ಟಿಗಳು ಗೇಟಿನ ಒಳಗೆ ಮಾತ್ರ ನಡೆಯುತ್ತಿದ್ದ ನಾಣ್ಯ. ಆ ಗೇಟನ್ನೂ ಬ್ರಿಟಿಷ್ ಸರ್ಕಾರ 1890ರ ದಶಕದಲ್ಲಿ ಮಹಾರರಿಗೆ ಮುಚ್ಚಿತು. ಮೊದಲ ಮಹಾಯುದ್ಧ ಬಂದಾಗ ತೆರೆದು, ಮುಗಿದ ಮೇಲೆ ಮತ್ತೆ ಮುಚ್ಚಿತು. ಬಾಬಾಸಾಹೇಬರು ಸೇರಿದಂತೆ ಅನೇಕರ ಒತ್ತಾಯದ ಫಲವಾಗಿ 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಲಾಯಿತು, ನಮ್ಮದೇ ಬೆಳಗಾವಿಯಲ್ಲಿ. ಇಂದು ಆ ರೆಜಿಮೆಂಟಿನಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ.

ಇದರಿಂದ ನಾವು ತಿಳಿಯಬೇಕಾದ್ದು ಇಷ್ಟು. ಹುದ್ದೆ ಬೇಕು, ಅದಕ್ಕಾಗಿ ಹೋರಾಡಲೇಬೇಕು. ಆದರೆ ಇಡೀ ಘನತೆಯನ್ನು ಹುದ್ದೆಯ ಗೂಟಕ್ಕೆ ಕಟ್ಟಿದರೆ, ಹುದ್ದೆ ಹೋದ ದಿನ ಘನತೆಯೂ ಹೋಗುತ್ತದೆ. ಯಾರೋ ಕೊಟ್ಟು ಯಾರೋ ಕಿತ್ತುಕೊಳ್ಳಲಾಗದ ಘನತೆ ನಮಗೆ ಬೇಕಿತ್ತು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ತೋರಿದ ದಾರಿ ಅದೇ.

*3. ಭದ್ದಿಯನ ನಿಟ್ಟುಸಿರು*

ಉಪಾಲಿಗೆ ನಮಸ್ಕರಿಸಿದ ಶಾಕ್ಯರಲ್ಲಿ ಭದ್ದಿಯನೂ ಒಬ್ಬ. ಅವನು ರಾಜನಾಗಿದ್ದವನು. ಭಿಕ್ಷುವಾದ ಮೇಲೆ ಮರದಡಿ ಕುಳಿತು ‘ಆಹಾ ಸುಖವೇ’ ಎಂದು ಉದ್ಗರಿಸುತ್ತಿದ್ದ. ಪಾಪ, ಹಳೆಯ ಅರಮನೆ ನೆನಪಾಗುತ್ತಿರಬೇಕು ಎಂದು ಉಳಿದವರು ಬುದ್ಧರಿಗೆ ಹೇಳಿದರು. ಬುದ್ಧರು ಕರೆಸಿ ಕೇಳಿದರು. ಭದ್ದಿಯ ಹೇಳಿದ್ದು ಬೇರೆಯೇ: ರಾಜನಾಗಿದ್ದಾಗ ಒಳಗೂ ಹೊರಗೂ ಕಾವಲಿತ್ತು, ಆದರೂ ಭಯ ಬಿಟ್ಟಿರಲಿಲ್ಲ. ಈಗ ಕಾವಲಿಲ್ಲ, ಭಯವೂ ಇಲ್ಲ.

ನಿವೃತ್ತಿಯ ಮರುದಿನ ಬೆಳಿಗ್ಗೆ ಬಿಗಿಲ್ ಕೇಳದೆ ಎದ್ದ ಸೈನಿಕನಿಗೆ ಎರಡು ದಾರಿ. ನನ್ನನ್ನು ಯಾರೂ ಕೇಳುವವರಿಲ್ಲ ಎಂದು ಮನೆಯವರ ಮೇಲೆ ಕಮಾಂಡ್ ನಡೆಸುವುದು ಒಂದು. ಹೊರೆ ಇಳಿಯಿತು, ಇನ್ನು ನನ್ನ ಶಿಸ್ತು, ನನ್ನ ಧೈರ್ಯ ಊರಿನ ಮಕ್ಕಳಿಗೆ ಸಲ್ಲಲಿ ಎಂದುಕೊಳ್ಳುವುದು ಇನ್ನೊಂದು. ಅನಿತ್ಯವನ್ನು ತಿಳಿದವನು ಎರಡನೆಯದನ್ನು ಹಿಡಿಯುತ್ತಾನೆ.

*4. ಬಡಿಸಿದವರನ್ನು ಮರೆಯಬೇಡಿ*

ಬುದ್ಧರ ಕೊನೆಯ ಊಟ ಪಾವಾ ಪಟ್ಟಣದಲ್ಲಿ, ಕಮ್ಮಾರನ ಮಗ ಚುಂದನ ಮನೆಯಲ್ಲಿ. ಊಟದ ನಂತರ ಅವರಿಗೆ ತೀವ್ರ ಬೇನೆಯಾಯಿತು. ಆ ನೋವಿನಲ್ಲೂ ಅವರು ಆನಂದನಿಗೆ ಹೇಳಿದ್ದೇನು? ಚುಂದನನ್ನು ಯಾರೂ ದೂಷಿಸಬಾರದು, ಅವನೂ ಕೊರಗಬಾರದು, ಸಂಬೋಧಿಗೆ ಮುನ್ನ ಸಿಕ್ಕ ಊಟದಷ್ಟೇ ಈ ಊಟವೂ ಪುಣ್ಯದ್ದು ಎಂದು ಅವನಿಗೆ ತಿಳಿಸು.

ಹೊರಡುವವನ ದೊಡ್ಡತನ ಇಲ್ಲಿ ಗೊತ್ತಾಗುತ್ತದೆ. ಬೀಳ್ಕೊಡುಗೆಯ ರಾತ್ರಿ ಎಲ್ಲರ ಕಣ್ಣೂ ಹಾರ ಹಾಕಿಸಿಕೊಂಡವರ ಮೇಲೆ. ಅಡುಗೆ ಮಾಡಿದವರು, ತಟ್ಟೆ ತೊಳೆದವರು, ಮೆಸ್ ಗುಡಿಸಿದವರು ಫೋಟೊದಲ್ಲಿ ಇರುವುದಿಲ್ಲ. ಹೊರಡುವ ಮುನ್ನ ಅಡುಗೆಮನೆಗೆ ಹೋಗಿ ಅವರ ಕೈ ಹಿಡಿದು ಮಾತಾಡಿಸಿ ಬಂದರೆ ಅದೇ ಧಮ್ಮ.

ಇನ್ನೊಂದು ಮಾತು, ಪಂಚಶೀಲದ ಬಗ್ಗೆ. ಬೀಳ್ಕೊಡುಗೆ ಎಂದರೆ ಗ್ಲಾಸು ಎತ್ತುವುದು ಎಂಬ ರೂಢಿಯಿದೆ. ಕುಡಿಯದವರು ನೀರನ್ನೋ ಹಣ್ಣಿನ ರಸವನ್ನೋ ಎತ್ತಿದರೂ ಗೌರವಕ್ಕೆ ಕೊರತೆಯಿಲ್ಲ. ಮದ್ಯ ಮುಟ್ಟುವುದಿಲ್ಲ ಎಂಬುದು ನಮ್ಮ 22 ಪ್ರತಿಜ್ಞೆಗಳಲ್ಲಿ ಒಂದು. ಬಲವಂತ ಮಾಡುವವರಿಗೆ ನಗುನಗುತ್ತಾ, ಆದರೆ ಗಟ್ಟಿಯಾಗಿ ‘ಬೇಡ’ ಎನ್ನಿ.

*5. ನಮ್ಮ ವಿಹಾರದ ಕುರ್ಚಿ*

ಪಾಠವನ್ನು ಸೈನಿಕರಿಗಷ್ಟೇ ಬಿಡಬೇಡಿ. ಸೈನ್ಯದಲ್ಲಿ ದಿನ ಬಂದಾಗ ಎಷ್ಟು ದೊಡ್ಡವರಾದರೂ ಊಟ ಮುಗಿಸಿ ಎದ್ದು ಹೋಗಬೇಕು. ನಮ್ಮ ಸಂಘ, ಸಮಿತಿ, ಟ್ರಸ್ಟ್‌ಗಳಲ್ಲಿ? ಅಧ್ಯಕ್ಷಗಿರಿ ಬಿಡಲು ಮನಸ್ಸಿಲ್ಲದೆ ಸಂಘಟನೆಯನ್ನೇ ಎರಡು ಹೋಳು ಮಾಡಿದವರನ್ನು ಕಂಡಿಲ್ಲವೇ? ಮುಂದಿನ ಸಾಲಿನ ಕುರ್ಚಿಗೆ ಮುನಿಸಿಕೊಂಡು ಜಯಂತಿಗೇ ಬಾರದವರನ್ನು? ಇನ್ನೊಂದು ಕಡೆ, ಮೂವತ್ತು ವರ್ಷ ಚಾಪೆ ಹಾಸಿ, ಮೇಣದಬತ್ತಿ ಹಚ್ಚಿ, ವಂದನೆ ಹೇಳಿಕೊಟ್ಟ ಹಿರಿಯರು ಕೈಲಾಗದೆ ಮನೆ ಸೇರಿದಾಗ ಅವರಿಗೆ ಒಂದು ಬೀಳ್ಕೊಡುಗೆಯ ಊಟವನ್ನೂ ಹಾಕದ ನಾವೂ ಇದ್ದೇವೆ. ಬಿಡಲಾರದವರು, ಗೌರವಿಸಲಾರದವರು ಇಬ್ಬರೂ ತಿತ್ತಿರಿಯ ಕಥೆಯನ್ನು ಮತ್ತೆ ಓದಬೇಕು.

🙏 *ಇಂದಿನ ಅಭ್ಯಾಸ*

▪️ ನಿಮ್ಮ ಬೀದಿಯ ನಿವೃತ್ತ ಸೈನಿಕರೊಬ್ಬರನ್ನೋ, ವಿಹಾರಕ್ಕೆ ದುಡಿದ ಹಿರಿಯರೊಬ್ಬರನ್ನೋ ಹೋಗಿ ಮಾತಾಡಿಸಿ. ಅವರ ಸೇವೆಯ ಕಥೆ ಮಕ್ಕಳ ಕಿವಿಗೆ ಬೀಳಲಿ.

▪️ ಇಂದು ನಿಮಗೆ ಅನ್ನ ಬಡಿಸಿದವರಿಗೆ, ಮನೆಯಲ್ಲಾದರೂ ಹೋಟೆಲಿನಲ್ಲಾದರೂ, ಒಂದು ಒಳ್ಳೆಯ ಮಾತು ಹೇಳಿ.

▪️ ಐದು ನಿಮಿಷ ಕಣ್ಣು ಮುಚ್ಚಿ ಕುಳಿತು ಕೇಳಿಕೊಳ್ಳಿ: ನಾಳೆ ನನ್ನ ಹುದ್ದೆ ಹೋದರೆ ನನ್ನಲ್ಲಿ ಉಳಿಯುವುದೇನು?

ಭಾನುವಾರದ ಅಧ್ಯಯನಕ್ಕೆ ಚರ್ಚೆಯ ಪ್ರಶ್ನೆ: ಸಂಘದ ಹಿರಿತನಕ್ಕೂ ಜಾತಿಯ ಮೇಲ್ತನಕ್ಕೂ ಇರುವ ವ್ಯತ್ಯಾಸವನ್ನು ಹತ್ತು ವರ್ಷದ ಮಗುವಿಗೆ ಹೇಗೆ ವಿವರಿಸುತ್ತೀರಿ?

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು. ಜೈ ಭೀಮ್. 💙