ರಾಜೀನಾಮೆ ಪತ್ರ ಡ್ರಾಯರಿನಲ್ಲೇ ಇರಲಿ

ಬೆಳಿಗ್ಗೆ ಜಡೆ ಹೆಣೆಯುವಷ್ಟರಲ್ಲೇ ತೋಳು ಸೋತುಬಿಡುತ್ತದೆ, ಆಫೀಸಿನಲ್ಲಿ ಮಾತ್ರ ‘ರಿಪೋರ್ಟೆಲ್ಲ ನಾರ್ಮಲ್, ಮತ್ತೇಕೆ ರಜೆ?’ ಎನ್ನುತ್ತಾರೆ ಎಂದು ಬರೆದಿದ್ದೀರಿ. ನಿಮಗಿರುವ ಫೈಬ್ರೊಮಯಾಲ್ಜಿಯಾ ಎಂಬ ನೋವಿನ ಕಾಯಿಲೆಯಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತವೆ. ನರಮಂಡಲ ನೋವನ್ನು ಗ್ರಹಿಸುವ ರೀತಿಯೇ ಏರುಪೇರಾಗಿರುತ್ತದೆ. ರೇಡಿಯೋದ ವಾಲ್ಯೂಮ್ ಗುಂಡಿ ಏರಿದಲ್ಲೇ ಕಚ್ಚಿಕೊಂಡ ಹಾಗೆ.

ಈಗಲೇ ಕೆಲಸ ಬಿಡಬೇಡಿ. ಬಿಟ್ಟರೆ ನೋವು ಇಳಿದೀತೆಂಬ ಖಾತರಿಯಿಲ್ಲ, ಸಂಬಳವಂತೂ ನಿಲ್ಲುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ವೈಕಲ್ಯಗಳಲ್ಲಿ ಈ ಕಾಯಿಲೆಯ ಹೆಸರಿಲ್ಲ (ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ). ಹಾಗಾಗಿ ಆ ಕಾಯ್ದೆಯನ್ನು ಮುಂದಿಟ್ಟು ಕೇಳುವುದು ಕಷ್ಟ, ಆಫೀಸಿನವರ ಜೊತೆ ಮಾತುಕತೆಯೇ ದಾರಿ. ರುಮಟಾಲಜಿಸ್ಟ್ ಪತ್ರದಲ್ಲಿ ಕಾಯಿಲೆಯ ಜೊತೆಗೆ ನಿಮಗೇನು ಬೇಕೆಂಬುದನ್ನೂ ಬರೆಸಿ: ಒಂಬತ್ತರ ಬದಲು ಹತ್ತೂವರೆಗೆ ಶುರು, ಗಂಟೆಗೊಮ್ಮೆ ಐದು ನಿಮಿಷ ಓಡಾಟ, ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ. ‘ಅನುಕೂಲ ಮಾಡಿಕೊಡಿ’ ಎಂದಷ್ಟೇ ಇದ್ದರೆ ಯಾವ ಎಚ್‌ಆರ್‌ಗೂ ತಲೆಬುಡ ತಿಳಿಯದು.

ಇನ್ನು, ಮೈ ಹಗುರಾದ ದಿನ ಬಾಕಿಯೆಲ್ಲ ಮುಗಿಸುವ ಹಟ ಬೇಡ. ಮರುದಿನ ಹಾಸಿಗೆ ಹಿಡಿಯುವುದು ಹೆಚ್ಚಾಗಿ ಅದರಿಂದಲೇ. ದಿನಕ್ಕೆ ಹತ್ತು ನಿಮಿಷದಿಂದ ನಡಿಗೆ ಶುರುಮಾಡಿ, ನಿಧಾನವಾಗಿ ಹೆಚ್ಚಿಸಿ. ಮೂರು ತಿಂಗಳು ಕಳೆದ ಮೇಲೆ ನನಗೆ ಮತ್ತೊಮ್ಮೆ ಬರೆಯಿರಿ.