ಹೊಲದ ಮಣ್ಣು, ಜಲಾಶಯದ ಹೂಳು

ಹೊಸಪೇಟೆಯ ಬಳಿ ತುಂಗಭದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವು 1953ರಲ್ಲಿ ಪೂರ್ಣಗೊಂಡಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಸಂಗ್ರಹಿಸಬಹುದಾಗಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2016ರ ಸಮೀಕ್ಷೆಯ ಪ್ರಕಾರ ಈ ಸಾಮರ್ಥ್ಯ 105.8 ಟಿ.ಎಂ.ಸಿ.ಗೆ ಇಳಿದಿತ್ತು. ಅಣೆಕಟ್ಟೆಯ ಎತ್ತರವೇನೂ ಕಡಿಮೆಯಾಗಿಲ್ಲ. ನೀರು ನಿಲ್ಲಬೇಕಾದ ಸ್ಥಳದಲ್ಲಿ ಮಣ್ಣು ನಿಂತಿದೆ. ಮಳೆ ಚೆನ್ನಾಗಿ ಬಂದ ವರ್ಷ ಜಲಾಶಯ ಬೇಗನೆ ತುಂಬಿ, ಉಳಿದ ನೀರು ಕ್ರಸ್ಟ್ ಗೇಟುಗಳ ಮೂಲಕ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಅದೇ ನೀರಿಗಾಗಿ ಕಾಲುವೆಗಳ ಕೊನೆಯಂಚಿನ ರೈತರು ಕಾಯಬೇಕಾಗುತ್ತದೆ. ಕರ್ನಾಟಕ, ಆಂಧ್ರ ಪ್ರದೇಶ ಮತ್ತು ತೆಲಂಗಾಣ, ಈ ಮೂರೂ ರಾಜ್ಯಗಳ ಪಾಲು ಇದರಲ್ಲಿರುವುದರಿಂದ ನಷ್ಟವೂ ಮೂವರಿಗೂ ಸೇರಿದ್ದು.

ಹೂಳನ್ನು ತೆಗೆದುಹಾಕಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತುಂಬಿರುವ 27 ಟಿ.ಎಂ.ಸಿ. ಹೂಳು ಸುಮಾರು 76 ಕೋಟಿ ಘನ ಮೀಟರಿನಷ್ಟಾಗುತ್ತದೆ. ಹತ್ತು ಘನ ಮೀಟರ್ ಹಿಡಿಯುವ ಸಾವಿರ ಲಾರಿ ಲೋಡುಗಳನ್ನು ದಿನವೂ ಬಿಡುವಿಲ್ಲದೆ ಸಾಗಿಸಿದರೂ ಇದಕ್ಕೆ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಬೇಕು. ಅದಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿದೆ. 1953ರಿಂದ 2016ರವರೆಗಿನ ಸರಾಸರಿಯಂತೆ ಹೊಸ ಹೂಳು ಬರುತ್ತಿದ್ದರೆ, ಆ ಲಾರಿಗಳು ಹೊರಗೆ ಸಾಗಿಸುವುದಕ್ಕಿಂತ ಮೂರು ಪಟ್ಟು ಹೆಚ್ಚು ಮಣ್ಣು ನದಿಯ ಮೂಲಕ ಒಳಗೆ ಬರುತ್ತಿರುತ್ತದೆ. ಹಿಂದಿನವರು ಬೇಸಿಗೆಯಲ್ಲಿ ಊರ ಕೆರೆಯ ಕೆರೆಗೋಡನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಯೂ ಹಗುರಾಗುತ್ತಿತ್ತು, ಹೊಲವೂ ಹದಗೊಳ್ಳುತ್ತಿತ್ತು. ಸಣ್ಣ ಕೆರೆಗೆ ಒಪ್ಪುವ ಆ ಉಪಾಯ ಇಷ್ಟು ದೊಡ್ಡ ಜಲಾಶಯಕ್ಕೆ ಸಾಲದು. ಮಣ್ಣನ್ನು ಅದು ಹೊರಡುವ ಸ್ಥಳದಲ್ಲಿಯೇ ತಡೆಯಬೇಕಾಗಿದೆ.

ಮಳೆಹನಿಯಿಂದ ಕೊರಕಲಿನವರೆಗೆ

ಮಣ್ಣಿನ ಸವಕಳಿಯೆಂದರೆ ದೊಡ್ಡ ಕೊರಕಲುಗಳು ಮಾತ್ರ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅದು ಒಂದು ಮಳೆಹನಿಯಿಂದ ಆರಂಭವಾಗುತ್ತದೆ. ಬಿರುಮಳೆಯ ಹನಿ ಬರಿನೆಲಕ್ಕೆ ಅಪ್ಪಳಿಸಿದಾಗ ಮಣ್ಣಿನ ಹೆಂಟೆ ಒಡೆದು ಕಣಗಳು ಚಿಮ್ಮುತ್ತವೆ. ಮಳೆಯ ನಂತರ ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಕೆಂಪು ಚುಕ್ಕೆಗಳು ಕಾಣುವುದು ಇದರಿಂದಲೇ. ಒಡೆದ ನುಣುಪು ಕಣಗಳು ನೆಲದ ರಂಧ್ರಗಳನ್ನು ಮುಚ್ಚುತ್ತವೆ. ಆಗ ನೀರು ಇಂಗಲಾರದೆ ಮೇಲೆಯೇ ಹರಿಯತೊಡಗುತ್ತದೆ. ಮೊದಲು ತೆಳ್ಳನೆಯ ಪದರವಾಗಿ, ಆಮೇಲೆ ಬೆರಳಗಲದ ಕಿರುಸಾಲುಗಳಾಗಿ, ಕೊನೆಗೆ ಎತ್ತು ಇಳಿದು ಹತ್ತಲಾರದ ಕೊರಕಲುಗಳಾಗಿ ಅದು ಮಣ್ಣನ್ನು ಒಯ್ಯುತ್ತದೆ. ಇವುಗಳಲ್ಲಿ ಪದರ ಸವಕಳಿಯೇ ಹೆಚ್ಚು ವಂಚಕವಾದುದು. ಫಲವತ್ತಾದ ಮೇಲ್ಮಣ್ಣು ಅದರಲ್ಲಿ ಹೋಗುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

1980ರ ದಶಕದ ಆರಂಭದಲ್ಲಿ ತಜ್ಞರು ಮಾಡಿದ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ಸ್ಥಾನ ಬಿಡುತ್ತದೆ. ಹೆಕ್ಟೇರಿಗೆ ಲೆಕ್ಕ ಹಾಕಿದರೆ ಇದು 16 ಟನ್ನಿಗೂ ತುಸು ಹೆಚ್ಚು. ಅಂದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪನಾದ ಪದರ. ಕೇಳಲು ಅಲ್ಪವೆನಿಸಿದರೂ ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ಪ್ರಕೃತಿಗೆ ನೂರಾರು ವರ್ಷಗಳು ಬೇಕು. ಹೀಗೆ ಸ್ಥಾನ ಬಿಟ್ಟ ಮಣ್ಣಿನಲ್ಲಿ ಶೇಕಡಾ 29ರಷ್ಟು ಸಮುದ್ರ ಸೇರುತ್ತದೆ, ಶೇಕಡಾ 10ರಷ್ಟು ಜಲಾಶಯಗಳಲ್ಲಿ ನಿಲ್ಲುತ್ತದೆ. ಉಳಿದ ಶೇಕಡಾ 61ರಷ್ಟು ಒಂದೆಡೆಯಿಂದ ಮತ್ತೊಂದೆಡೆಗೆ, ಮೇಲಿನ ಹೊಲದಿಂದ ಕೆಳಗಿನ ಹೊಲಕ್ಕೆ, ಹಳ್ಳದ ಪಾತ್ರಕ್ಕೆ, ಬಯಲಿಗೆ ಸರಿದಿರುತ್ತದೆ.

ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದು ಹೊತ್ತೊಯ್ಯಬಲ್ಲ ಮಣ್ಣಿನ ಪ್ರಮಾಣ 32 ಪಟ್ಟು ಹೆಚ್ಚುತ್ತದೆಂಬುದು ಮಣ್ಣು ಸಂರಕ್ಷಣಾ ಶಾಸ್ತ್ರದ ಹಳೆಯ ಸೂತ್ರ. ವೇಗ ತಗ್ಗಿದರೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ನದಿ ಜಲಾಶಯದ ನಿಂತ ನೀರನ್ನು ಸೇರಿದೊಡನೆ ಮೊದಲು ಮರಳು, ನಂತರ ಗೋಡುಮಣ್ಣು, ಕೊನೆಯಲ್ಲಿ ಅಣೆಕಟ್ಟೆಯ ಸಮೀಪದಲ್ಲಿ ನುಣುಪಾದ ಜೇಡಿ ತಳಕ್ಕಿಳಿಯುತ್ತವೆ. ಹೂಳೆಲ್ಲ ತಳದಲ್ಲಿ ಸೇರಿಕೊಳ್ಳುವುದೆಂದು ಭಾವಿಸಿ, ಅದಕ್ಕಾಗಿ ಬಳಕೆಗೆ ಬಾರದ ಒಂದು ಭಾಗವನ್ನು ಜಲಾಶಯಗಳಲ್ಲಿ ಮೀಸಲಿಡುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಹೂಳಿನ ದೊಡ್ಡ ಪಾಲು ಮೇಲ್ತುದಿಯಲ್ಲಿಯೇ, ಬಳಕೆಯ ನೀರು ನಿಲ್ಲಬೇಕಾದಲ್ಲಿಯೇ ಕೂರುತ್ತದೆಂಬುದು ಅನುಭವದಿಂದ ತಿಳಿದುಬಂದಿದೆ.

ಹೊಲದಲ್ಲಿಯೇ ತಡೆ

ತುಂಗಭದ್ರೆಯ ಜಲಾನಯನ ಪ್ರದೇಶ ಮಲೆನಾಡಿನಿಂದ ಹಾವೇರಿ, ಗದಗ, ದಾವಣಗೆರೆ ಭಾಗಗಳ ಬಯಲಿನವರೆಗೆ ಹಬ್ಬಿದೆ. ಬಯಲಿನ ಕಪ್ಪುಮಣ್ಣಿನಲ್ಲಿ ಹಿಂಗಾರಿ ಜೋಳಕ್ಕಾಗಿ ಮುಂಗಾರಿನುದ್ದಕ್ಕೂ ನೆಲವನ್ನು ಬಿತ್ತದೆ ಬಿಡುವ ವಾಡಿಕೆ ಹಲವೆಡೆ ಇದೆ. ಮಳೆ ಜೋರಾಗಿರುವ ಆ ತಿಂಗಳುಗಳಲ್ಲಿ ನೆಲದ ಮೇಲೆ ಒಂದು ಎಲೆಯ ಹೊದಿಕೆಯೂ ಇರುವುದಿಲ್ಲ. ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು 1976ರಿಂದ ಇಂತಹುದೇ ಕಪ್ಪುಮಣ್ಣಿನಲ್ಲಿ ದೀರ್ಘಕಾಲದ ಪ್ರಯೋಗ ನಡೆಸಿತು. ಮುಂಗಾರಿನಲ್ಲಿ ಪಾಳು ಬಿಟ್ಟ ಸಾಂಪ್ರದಾಯಿಕ ಪದ್ಧತಿಯಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 6.4 ಟನ್ ಮಣ್ಣು ಕೊಚ್ಚಿಹೋಯಿತು. ಅಗಲವಾದ ಏರುಮಡಿ ಮತ್ತು ಸಾಲುಗಳನ್ನು ಅಲ್ಪ ಇಳಿಜಾರಿನಲ್ಲಿ ನಿರ್ಮಿಸಿ, ಮುಂಗಾರಿನಿಂದಲೇ ಬೆಳೆ ತೆಗೆದ ಪಾತ್ರದಲ್ಲಿ ನಷ್ಟ 1.5 ಟನ್ನಿಗೆ ಇಳಿಯಿತು. ಅಲ್ಲಿ ಇಳುವರಿಯೂ ಹಲವು ಪಟ್ಟು ಹೆಚ್ಚಿತು. ರೈತನ ದೃಷ್ಟಿಯಿಂದ ನೋಡಿದರೆ ಮುಖ್ಯವಾದ ಫಲಿತಾಂಶ ಈ ಎರಡನೆಯದೇ.

ಇಳಿಜಾರಿಗೆ ಅಡ್ಡಲಾಗಿ ಉಳುವುದು ಖರ್ಚಿಲ್ಲದ ಮೊದಲ ಕ್ರಮ. ಆದರೆ ಪಾಲಾಗಿ ಪಾಲಾಗಿ ಹೊಲಗಳು ಇಳಿಜಾರಿನ ಉದ್ದಕ್ಕೆ ಪಟ್ಟಿಗಳಂತಾಗಿರುವಲ್ಲಿ ಇದನ್ನು ಹೇಳುವಷ್ಟು ಸುಲಭವಾಗಿ ಮಾಡಲಾಗದು. ಅಕ್ಕಪಕ್ಕದ ಹಿಡುವಳಿದಾರರು ಕೂಡಿಯೇ ಮಾಡಬೇಕು. ಜೋಳ, ತೊಗರಿಯಂತಹ ಎತ್ತರದ ಬೆಳೆಗಳ ನಡುವೆ ಶೇಂಗಾ, ಹುರುಳಿ, ಹೆಸರು ಮುಂತಾದ ಹರಡುವ ಬೆಳೆಗಳಿದ್ದರೆ ಹನಿಯ ಹೊಡೆತ ನೆಲಕ್ಕೆ ತಾಗದು.

ಬದುಗಳ ವಿಷಯದಲ್ಲಿ ಮಣ್ಣಿನ ಸ್ವಭಾವವನ್ನು ಅರಿಯುವುದು ಅವಶ್ಯಕ. ನೀರು ಬೇಗ ಇಂಗುವ ಕೆಂಪು ಮಣ್ಣಿನಲ್ಲಿ ಸಮಪಾತಳಿ ಬದು ಚೆನ್ನಾಗಿ ನಿಲ್ಲುತ್ತದೆ. ಕಪ್ಪುಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ನೀರನ್ನು ನಿಧಾನವಾಗಿ ಇಂಗಿಸುತ್ತದೆ. ಅಲ್ಲಿ ಸಮಪಾತಳಿ ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುವುದೂ, ಬಿರುಕಿನಲ್ಲಿ ನೀರು ನುಗ್ಗಿ ಬದು ಒಡೆಯುವುದೂ ಸಾಮಾನ್ಯ. ಆದುದರಿಂದ ಅಂತಹ ಹೊಲಗಳಿಗೆ ಸ್ವಲ್ಪ ಇಳಿಜಾರುಳ್ಳ ಬದು ಮತ್ತು ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿ ಬೇಕು. ಒಂದೇ ಮಾದರಿಯ ಬದುವನ್ನು ಎಲ್ಲ ಮಣ್ಣಿನ ಮೇಲೂ ಹೇರಿ, ಆಮೇಲೆ ರೈತರೇ ಅದನ್ನು ಉತ್ತು ಅಳಿಸಿದುದನ್ನು ಅವರ ಅಜ್ಞಾನವೆಂದು ಬಗೆದದ್ದು ಸರಿಯಲ್ಲ. ಗುಂಡ್ಲುಪೇಟೆ ಭಾಗದ ರೈತರು ಲಾವಂಚದ ಸಾಲುಗಳನ್ನು ಹೊಲದ ಗಡಿಯಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಆಳಕ್ಕಿಳಿಯುತ್ತದೆ. ಹರಿವ ನೀರಿನ ಮಣ್ಣು ಅದರ ಬುಡದಲ್ಲಿ ತಂಗಿ, ವರ್ಷಗಳು ಕಳೆದಂತೆ ಹೊಲ ತಾನೇ ಮಟ್ಟಸವಾಗುತ್ತ ಬರುತ್ತದೆ. ಸವಕಳಿಯನ್ನು ತಡೆಯುವ ಈ ಬೇಲಿ ಮಣ್ಣನ್ನು ಹೊಲದೊಳಗೇ ಶೇಖರಿಸಿಕೊಡುತ್ತದೆ.

ಮೇಲಿನವರಿಗೇನು ಲಾಭ?

ಇಷ್ಟೆಲ್ಲ ತಿಳಿದಿದ್ದರೂ ಒಂದು ತೊಡಕು ಉಳಿಯುತ್ತದೆ. ಹಾವೇರಿಯ ರೈತ ಬದು ಹಾಕಿದರೆ ರಾಯಚೂರಿನ ಕಾಲುವೆಗೆ ನೀರು ಉಳಿಯುತ್ತದೆ; ಹಾವೇರಿಯ ರೈತನಿಗೆ ಆ ಜಲಾಶಯದಿಂದ ಬರುವುದೇನೂ ಇಲ್ಲ. ನದಿ ಕಣಿವೆ ಯೋಜನೆಗಳ ಜಲಾನಯನ ಪ್ರದೇಶಗಳಲ್ಲಿ ಮಣ್ಣು ಸಂರಕ್ಷಿಸುವ ಕಾರ್ಯವನ್ನು ಕೇಂದ್ರ ಸರ್ಕಾರ ಮೂರನೆಯ ಪಂಚವಾರ್ಷಿಕ ಯೋಜನೆಯಲ್ಲಿಯೇ ಕೈಗೊಂಡಿತ್ತು. ಆದರೆ ಈ ತೊಡಕಿಗೆ ಒಂದು ಉತ್ತರ ದೊರೆತದ್ದು ದೇಶದ ಉತ್ತರ ಭಾಗದ ಒಂದು ಸಣ್ಣ ಹಳ್ಳಿಯಲ್ಲಿ.

ಚಂಡೀಗಢದಲ್ಲಿ 1958ರಲ್ಲಿ ನಿರ್ಮಿಸಿದ ಸುಖನಾ ಸರೋವರವು 1970ರ ದಶಕದ ಹೊತ್ತಿಗೆ ಬಹಳಷ್ಟು ಹೂಳಿನಿಂದ ತುಂಬಿತ್ತು. ಹೂಳಿನ ಜಾಡು ಹಿಡಿದು ಹೋದ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ. ಆರ್. ಮಿಶ್ರಾ ಅವರ ತಂಡ ಶಿವಾಲಿಕ ಬೆಟ್ಟಗಳಲ್ಲಿನ ಸುಖೋಮಾಜ್ರಿಗೆ ತಲುಪಿತು. ಜಾನುವಾರುಗಳು ಮೇಯ್ದು ಬೆಟ್ಟ ಬೋಳಾಗಿತ್ತು. ಸಸಿ ನೆಡುವುದು, ತಡೆ ಕಟ್ಟುವುದು ಇವಿಷ್ಟರಿಂದ ಮೇಯಿಸುವುದು ನಿಲ್ಲಲಿಲ್ಲ. ಸರೋವರ ಉಳಿಯಲೆಂದು ಹಳ್ಳಿಯ ಬಡವರು ಆಡುಗಳನ್ನೇಕೆ ಬಿಡಬೇಕು? 1976ರಲ್ಲಿ ಕೊರಕಲು ತಡೆಯಲು ಕಟ್ಟಿದ ಒಂದು ಚಿಕ್ಕ ಮಣ್ಣಿನ ಒಡ್ಡಿನಲ್ಲಿ ನಿಂತ ನೀರು, ಮಳೆ ಕೈಕೊಟ್ಟಾಗ ಕೆಳಗಿನ ಗೋಧಿಯನ್ನು ಉಳಿಸಿತು. ಅಲ್ಲಿಂದ ಮಾತು ಬದಲಾಯಿತು. ಬೆಟ್ಟ ಬೋಳಾದರೆ ಒಡ್ಡು ಹೂಳುತ್ತದೆ, ಒಡ್ಡು ಹೂಳಿದರೆ ಗೋಧಿಗೆ ನೀರಿಲ್ಲ ಎಂಬುದು ಊರಿಗೆ ಸ್ವಂತ ಲೆಕ್ಕವಾಯಿತು. ಬೆಟ್ಟದಲ್ಲಿ ಬಿಟ್ಟು ಮೇಯಿಸಬಾರದೆಂದು ಊರವರೇ ಕಟ್ಟಳೆ ಮಾಡಿಕೊಂಡರು. ಭೂಮಿಯಿಲ್ಲದ ಕುಟುಂಬಕ್ಕೂ ನೀರಿನಲ್ಲಿ ಸಮಪಾಲು ದೊರೆಯಿತು. ಬೇಕಾದರೆ ಅದನ್ನು ಮಾರಿಕೊಳ್ಳಬಹುದಾಗಿತ್ತು. ಆಡುಗಳ ಬದಲು ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ಎಮ್ಮೆಗಳು ಬಂದವು. ಹಗ್ಗಕ್ಕೂ ಕಾಗದಕ್ಕೂ ಬಳಕೆಯಾಗುವ ಭಾಬ್ಬರ್ ಹುಲ್ಲು ಬೆಟ್ಟದಲ್ಲಿ ಬೆಳೆದು ಊರಿಗೆ ವರಮಾನ ತಂದಿತು. ಕೆಳಗಿನ ಸುಖನಾ ಸರೋವರಕ್ಕೆ ಬರುವ ಹೂಳು ಗಣನೀಯವಾಗಿ ತಗ್ಗಿತು.