ಕಂಠವೇ ಬಂಡವಾಳ: ಮೂವರು ಗಾಯಕರ ಬಾಳಿನ ಒಂದು ಅಧ್ಯಯನ

ಸಂಗೀತಗಾರರ ಜೀವನಚರಿತ್ರೆಗಳು ನಮ್ಮಲ್ಲಿ ಬಹುಮಟ್ಟಿಗೆ ಗುರುಸೇವೆಯ ಕಥೆಗಳಾಗಿಯೋ ಕೀರ್ತಿಯ ಕಥೆಗಳಾಗಿಯೋ ರೂಪುಗೊಂಡಿವೆ. ಎಳವೆಯ ಹಂಬಲ, ಗುರುವಿನ ಹುಡುಕಾಟ, ಕಠೋರ ಸಾಧನೆ, ಕೊನೆಗೆ ಪ್ರಶಸ್ತಿ-ಪುರಸ್ಕಾರ – ಇದು ಅವುಗಳ ಸಿದ್ಧ ಜಾಡು. ಈ ಜಾಡಿನಲ್ಲಿ ನಡೆಯುವಾಗ ಒಂದು ಮುಖ್ಯ ಪ್ರಶ್ನೆ ಹಿಂದೆ ಉಳಿದುಬಿಡುತ್ತದೆ. ತಂತಿ ಹರಿದ ವೀಣೆಗೆ ಹೊಸ ತಂತಿ ಕಟ್ಟಬಹುದು; ಗಾಯಕನ ವಾದ್ಯವಾದರೋ ಅವನ ಶರೀರವೇ. ಆ ಶರೀರ ಸೋತಾಗ ಅವನ ಕಲೆಯನ್ನೂ ಸಂಸಾರವನ್ನೂ ಪೊರೆದವರು ಯಾರು? ಧಾರವಾಡ-ಬೆಳಗಾವಿ ಸೀಮೆಯಲ್ಲಿ ಹುಟ್ಟಿ ಹಿಂದೂಸ್ತಾನಿ ಸಂಗೀತದಲ್ಲಿ ಹೆಸರಾದ ಮೂವರ ಬಾಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರ (1886–1952) ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಹಲವು ವರ್ಷಗಳ ಕಲಿಕೆಯ ನಂತರ ಅವರು ಹಿಡಿದ ದಾರಿ ಮರಾಠಿ ಸಂಗೀತ ರಂಗಭೂಮಿಯದು. ಮನೆಮಾತು ಕನ್ನಡವಾದ ಗಾಯಕರೊಬ್ಬರು ಮರಾಠಿ ನಾಟಕಗಳ ಸ್ತ್ರೀಪಾತ್ರಗಳಲ್ಲಿ ಜನಮನ್ನಣೆ ಗಳಿಸಿದ್ದು ಅಂದಿನ ಸಾಂಸ್ಕೃತಿಕ ಸಂದರ್ಭಕ್ಕೆ ಅಸಹಜವೇನೂ ಆಗಿರಲಿಲ್ಲ. ಅರಮನೆಯ ಆಶ್ರಯ ಕ್ಷೀಣಿಸುತ್ತಿದ್ದ ಕಾಲದಲ್ಲಿ ಗಾಯಕರಿಗೆ ಸಂಬಳ, ಊಟ, ವಸತಿಗಳನ್ನು ಒದಗಿಸಬಲ್ಲ ಸಂಸ್ಥೆಯೆಂದರೆ ನಾಟಕ ಕಂಪನಿ. ಆದರೆ 1931ರಲ್ಲಿ ಮಾತನಾಡುವ ಚಿತ್ರ ಬಂದ ಮೇಲೆ ಆ ಕಂಪನಿಗಳ ಬುಡವೇ ಅಲುಗಾಡಿತು.

ರಂಗಭೂಮಿಯಿಂದ ಹಿಂದೆ ಸರಿದ ಸವಾಯಿ ಗಂಧರ್ವರು ಕಛೇರಿಗಳಿಗೂ ಪಾಠಕ್ಕೂ ತಮ್ಮನ್ನು ಒಪ್ಪಿಸಿಕೊಂಡರು. 1942ರಲ್ಲಿ ತಗುಲಿದ ಪಾರ್ಶ್ವವಾಯು ಅವರ ಹಾಡುಗಾರಿಕೆಗೆ ತೆರೆಯೆಳೆಯಿತು. ಆಗ ಅವರ ಪಾಲಿಗೆ ಉಳಿದದ್ದು ಶಿಷ್ಯವರ್ಗ: ಹುಬ್ಬಳ್ಳಿಯ ಗಂಗೂಬಾಯಿ, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್ ಮೊದಲಾದವರು. ಗುರುವಿನ ದನಿ ನಿಂತರೂ ಅದರ ನಡೆ ಇವರ ದನಿಗಳಲ್ಲಿ ಮುಂದುವರಿಯಿತು. ಗುರುವಿನ ನಿಧನಾನಂತರ, 1953ರಲ್ಲಿ, ಅವರ ಅಳಿಯ ಡಾ. ದೇಶಪಾಂಡೆ ಹಾಗೂ ಭೀಮಸೇನ ಜೋಶಿಯವರು ಮುಂದಾಗಿ ಪುಣೆಯಲ್ಲಿ ಆರಂಭಿಸಿದ ಸ್ಮರಣೋತ್ಸವ ಇಂದು ದೇಶದ ದೊಡ್ಡ ಸಂಗೀತೋತ್ಸವಗಳಲ್ಲೊಂದು.

2

ಗಂಗೂಬಾಯಿ ಹಾನಗಲ್ (1913–2009) ಅವರ ಸ್ಥಿತಿ ಇದಕ್ಕಿಂತ ಬೇರೆ. ಹಾಡುವ ಹೆಣ್ಣನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ದಿನಗಳವು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದವರು. 1930ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತ ಗಂಗೂಬಾಯಿ ಸವಾಯಿ ಗಂಧರ್ವರಲ್ಲಿ ಪಾಠ ಮಾಡಿದರು. ಸಂಸಾರದ ಹೊಣೆಯ ಬಹುಪಾಲು ಅವರ ಹಾಡಿನ ಮೇಲೆಯೇ ನಿಂತಿತ್ತು.

ಅವರ ಮೊದಮೊದಲ ಗ್ರಾಮಫೋನ್ ಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ತೊಂದರೆಗೆ ಚಿಕಿತ್ಸೆ ಪಡೆದ ಬಳಿಕ ಆ ದನಿ ಇಳಿದು, ಗಂಡುದನಿಯೆನ್ನುವಷ್ಟು ಗಂಭೀರವಾಯಿತು. ಇಂಪಾದ ಹೆಣ್ಣುದನಿಯನ್ನು ಬಯಸುತ್ತಿದ್ದ ಕಾಲದಲ್ಲಿ ಇದು ವೃತ್ತಿಯನ್ನೇ ಮುಗಿಸಬಹುದಾಗಿದ್ದ ಆಘಾತ. ಗಂಗೂಬಾಯಿ ಹೊಸ ದನಿಯನ್ನು ಮರೆಮಾಚಲು ಹೋಗದೆ ಅದರ ಗುಣಕ್ಕೆ ತಕ್ಕಂತೆ ತಮ್ಮ ಗಾಯನವನ್ನು ಕಟ್ಟಿಕೊಂಡರು. ಸ್ವರಸ್ವರವನ್ನೂ ತಾಳ್ಮೆಯಿಂದ ಬೆಳೆಸುವ ಕಿರಾನಾದ ವಿಲಂಬಿತ ಪದ್ಧತಿ ಆ ದನಿಗೆ ಹೊಂದಿಕೊಂಡಿತು. ಮುಂದೆ ಮಗಳು ಕೃಷ್ಣಾ ಅವರ ಸಹಗಾಯನ ತಾಯಿಯ ಕಛೇರಿಗಳಿಗೆ ಒತ್ತಾಸೆಯಾಯಿತು.

3

ಕುಮಾರ ಗಂಧರ್ವ (1924–1992), ಅಂದರೆ ಬೆಳಗಾವಿ ಬಳಿಯ ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ, ಬಾಲ್ಯದಲ್ಲಿಯೇ ಹೆಸರಾಂತ ಗಾಯಕರ ಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡಿ ಬೆರಗುಗೊಳಿಸಿದವರು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಸಂಗೀತ ಶಾಲೆ ಆ ಅನುಕರಣಪ್ರತಿಭೆಯನ್ನು ವಿಚಾರದ ಕಡೆಗೆ ತಿರುಗಿಸಿತು. ಕೀರ್ತಿ ಏರುತ್ತಿದ್ದಾಗಲೇ ಕ್ಷಯರೋಗ ಕಾಣಿಸಿಕೊಂಡಿತು. ಒಣಹವೆಯನ್ನರಸಿ 1948ರಲ್ಲಿ ಅವರು ಮಾಳವದ ದೇವಾಸಕ್ಕೆ ಹೋದರು. ಮುಂದಿನ ಕೆಲವು ವರ್ಷಗಳ ಕಾಲ ಹಾಡುವಂತಿರಲಿಲ್ಲ. ಆ ಅವಧಿಯಲ್ಲಿ ಮನೆ ನಡೆದದ್ದು ಪತ್ನಿ ಭಾನುಮತಿಯವರ ಶಿಕ್ಷಕ ವೃತ್ತಿಯಿಂದ. ರೋಗಿಯ ಶುಶ್ರೂಷೆಯೂ ಅವರದೇ.

ಹಾಸಿಗೆ ಹಿಡಿದವರ ಕಿವಿಗೆ ಮಾಳವದ ಜನಪದ ಹಾಡುಗಳು ಬೀಳುತ್ತಿದ್ದವು. ಹಾಡಲಾಗದ ಗಾಯಕ ಕೇಳುಗನಾದ. ಸ್ಟ್ರೆಪ್ಟೊಮೈಸಿನ್ ಔಷಧ ದೊರೆತು ಗುಣವಾದ ಮೇಲೆ, 1950ರ ದಶಕದ ಆರಂಭದಲ್ಲಿ ಅವರು ಮತ್ತೆ ವೇದಿಕೆಯೇರಿದಾಗ ಆ ಆಲಿಕೆಯ ಫಲ ಹೊಸ ರಾಗಗಳಾಗಿ, ಬಂದಿಶುಗಳಾಗಿ, ನಿರ್ಗುಣ ಭಜನೆಗಳ ಹೊಸ ರೂಪವಾಗಿ ಹೊರಬಂತು. 1965ರ ‘ಅನೂಪರಾಗವಿಲಾಸ’ ಅದರ ಲಿಖಿತ ಸಾಕ್ಷಿ. ಅವರ ಗಾಯನದ ಚಿಕ್ಕ ಚಿಕ್ಕ ಸ್ವರಗುಚ್ಛಗಳಿಗೆ ಕುಗ್ಗಿದ ಶ್ವಾಸಕೋಶವೇ ಕಾರಣವೆಂದು ಹೇಳುವುದುಂಟು. ಇದು ಅರ್ಧಸತ್ಯ. ಉಸಿರಿನ ಮಿತಿ ಅನೇಕರಿಗೆ ಬಂದೀತು. ಆ ಮಿತಿಯೊಳಗೆ ಹೊಸ ಶೈಲಿಯನ್ನು ಕಾಣುವುದು ಬುದ್ಧಿಯ ಕೆಲಸ.

4

ಈ ಮೂರು ನಿದರ್ಶನಗಳನ್ನು ಒಟ್ಟಿಗಿರಿಸಿದಾಗ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ನಾಟಕ ಕಂಪನಿ, ಗ್ರಾಮಫೋನ್, ಕಛೇರಿ ಇವೆಲ್ಲ ಹಾಡುವ ಕಂಠಕ್ಕೆ ಹಣ ಕೊಟ್ಟ ವ್ಯವಸ್ಥೆಗಳು. ಹಾಡಲಾಗದ ಕಂಠದ ಹೊಣೆ ಅವುಗಳದಾಗಿರಲಿಲ್ಲ. ಆ ಹೊಣೆಯನ್ನು ಹೊತ್ತವರು ಶಿಷ್ಯರು ಮತ್ತು ಮನೆಯವರು. ಅಂಬಾಬಾಯಿ, ಕೃಷ್ಣಾ, ಭಾನುಮತಿ – ಈ ಹೆಸರುಗಳು ಘರಾಣೆಗಳ ವಂಶವೃಕ್ಷದಲ್ಲಿ ಅಂಚಿನಲ್ಲಿದ್ದರೂ ಸಂಗೀತದ ಇತಿಹಾಸದಲ್ಲಿ ಅಂಚಿನವಲ್ಲ.

ಎರಡನೆಯದು, ಈ ಪೋಷಣೆಗೆ ಭಾಷೆಯ ಗಡಿ ಇರಲಿಲ್ಲ. ಕುಂದಗೋಳದ ಗುರುವಿನ ನೆನಪನ್ನು ಪುಣೆ ಕಾಯ್ದಿತು. ಸುಳೇಭಾವಿಯ ಬಾಲಕನನ್ನು ಮುಂಬಯಿ ತಿದ್ದಿತು, ಮಾಳವ ಉಳಿಸಿಕೊಂಡಿತು. ಹೊರನಾಡಿನ ಕನ್ನಡಿಗರು ಈ ಕಲಾವಿದರನ್ನು ‘ನಮ್ಮವರು’ ಎಂದು ಅಭಿಮಾನಪಡುವುದು ಸಹಜ. ಆ ಅಭಿಮಾನದೊಡನೆ, ನಮ್ಮವರನ್ನು ತಮ್ಮವರೆಂದು ಸಲಹಿದ ನೆಲಗಳ ಋಣವನ್ನೂ ನೆನೆಯಬೇಕು. ಇಂದು ನಮ್ಮ ನಡುವೆಯೇ ಹಾಡುತ್ತಿರುವ, ವೇಷ ಕಟ್ಟುತ್ತಿರುವ, ಬಾರಿಸುತ್ತಿರುವ ಕಲಾವಿದರ ಶರೀರ ಸೋಲುವ ದಿನಕ್ಕೆ ನಮ್ಮ ಸಂಘಸಂಸ್ಥೆಗಳು ಏನನ್ನು ಕೂಡಿಟ್ಟಿವೆ ಎಂಬುದನ್ನೂ ಕೇಳಿಕೊಳ್ಳಬೇಕು. ಶಾಲು ಹೊದಿಸುವ ಸಮಾರಂಭಕ್ಕಿಂತ ಆ ಕೂಡಿಕೆಯೇ ಕಲೆಗೆ ಸಲ್ಲಿಸುವ ನಿಜವಾದ ಗೌರವವಾದೀತು.